ಮಾತು ಬಂತು, ಮುಖ ಬರಲಿಲ್ಲ

2011ರ ಡಿಸೆಂಬರ್‌ನಲ್ಲಿ ಲೈವ್‌ಜರ್ನಲ್ ಎಂಬ ಜಾಲತಾಣ ತನ್ನ ಕಾಮೆಂಟ್ ಪುಟಕ್ಕೆ ಹೊಸ ರೂಪ ಕೊಟ್ಟಿತು. ಆ ಭರಾಟೆಯಲ್ಲಿ ಕಾಮೆಂಟ್‌ಗೆ ಶೀರ್ಷಿಕೆ ಬರೆಯಲು ಇದ್ದ ಒಂದು ಗೆರೆಯಷ್ಟು ಜಾಗ ಮಾಯವಾಯಿತು. ಕಾಮೆಂಟ್‌ಗೆ ಶೀರ್ಷಿಕೆ ಯಾರಿಗೆ ಬೇಕು ಅನ್ನಿಸುವುದು ಸಹಜ. ಆದರೆ ಬೇಕಾದವರಿದ್ದರು. ಅಲ್ಲಿ ರೋಲ್‌ಪ್ಲೇ ಆಡುತ್ತಿದ್ದ ಗುಂಪುಗಳು ಒಂದರ ಹಿಂದೊಂದು ಗಂಟುಮೂಟೆ ಕಟ್ಟಿಕೊಂಡು ಡ್ರೀಮ್‌ವಿಡ್ತ್ ಎಂಬ ಇನ್ನೊಂದು ತಾಣಕ್ಕೆ ಹೊರಟವು.

ರೋಲ್‌ಪ್ಲೇ ಅಂದರೆ ಇಲ್ಲಿ ಬರವಣಿಗೆಯ ಆಟ. ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿಕೊಂಡು ಸರದಿಯ ಮೇಲೆ ಬರೆಯುತ್ತಾರೆ. ಎಲ್ಲರ ಮಾತೂ ಸೇರಿ ಕಥೆಯಾಗುತ್ತದೆ. ಲೈವ್‌ಜರ್ನಲ್‌ನಲ್ಲಿ ಪಾತ್ರಕ್ಕೊಂದು ಖಾತೆ, ಸರದಿಗೊಂದು ಕಾಮೆಂಟ್. ಪ್ರತಿ ಕಾಮೆಂಟ್ ಪಕ್ಕದಲ್ಲಿ 100 ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ಒಂದು ಐಕಾನ್ ಇರುತ್ತಿತ್ತು. ಅದೇ ಪಾತ್ರದ ಮುಖ. ಸಿಟ್ಟಿಗೊಂದು ಐಕಾನ್, ನಾಚಿಕೆಗೊಂದು, ಸುಳ್ಳು ಹೇಳುವಾಗ ಇನ್ನೊಂದು. ಪಾತ್ರ ಬಾಯಲ್ಲಿ ‘ನನಗೇನೂ ಬೇಜಾರಿಲ್ಲ’ ಅನ್ನುತ್ತಿದ್ದರೆ ಪಕ್ಕದ ಐಕಾನ್‌ನಲ್ಲಿ ಕಣ್ಣು ತುಂಬಿರುತ್ತಿತ್ತು. ಒಂದು ಕಾಮೆಂಟ್‌ಗೆ 4,300 ಅಕ್ಷರಗಳ ಮಿತಿ. ಉದ್ದದ ಸರದಿಯಾದರೆ ಎರಡು ತುಂಡು ಮಾಡಿ, ಶೀರ್ಷಿಕೆಯ ಜಾಗದಲ್ಲಿ 1/2, 2/2 ಎಂದು ಹಾಕುತ್ತಿದ್ದರು. ಇದು ಫೋನಿನ ಮಾತು, ಇದು ಎದುರಾಬದುರು, ಮುಂದೆ ರಕ್ತಪಾತ ಇದೆ ಜೋಕೆ ಎಂಬ ಸೂಚನೆಗಳೂ ಅದೇ ಗೆರೆಯಲ್ಲಿ. ಬೇರೆ ಬ್ಲಾಗಿಗರಿಗೆ ಅದು ಖಾಲಿ ಬಿಡುವ ಜಾಗ, ಇವರಿಗೆ ಸೂತ್ರಧಾರ ನಿಲ್ಲುವ ಜಾಗ.

ಕರಾವಳಿ, ಮಲೆನಾಡಿನ ಕಡೆಯವರಿಗೆ ಇದನ್ನು ಓದುವಾಗ ತಾಳಮದ್ದಳೆ ನೆನಪಾದರೆ ಆಶ್ಚರ್ಯವಿಲ್ಲ. ಪ್ರಸಂಗದ ಪದ್ಯ ಅಚ್ಚಾಗಿ ಕೈಯಲ್ಲಿರುತ್ತದೆ. ಅರ್ಥಧಾರಿ ಆಡಿದ ಮಾತು ಮಾತ್ರ ಆ ರಾತ್ರಿಗೇ ಮುಗಿಯುತ್ತದೆ. ಬೇಕಾದವರು ಧ್ವನಿಮುದ್ರಣ ಮಾಡಿಕೊಳ್ಳುತ್ತಾರೆ, ಯಾಕೆಂದರೆ ಗಾಳಿಯಲ್ಲಿ ಆಡಿದ ಮಾತು ತಾನಾಗಿ ಉಳಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತು. ರೋಲ್‌ಪ್ಲೇಯಲ್ಲೂ ಮಾತು ಆಶುವೇ. ಆದರೆ ಅದು ಹುಟ್ಟುವಾಗಲೇ ಬರಹವಾಗಿರುತ್ತದೆ, ಪರದೆಯ ಮೇಲೆ ಕಾಣುತ್ತಲೇ ಇರುತ್ತದೆ. ಹಾಗಾಗಿ ಅದನ್ನು ಎತ್ತಿಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಕಳೆದ ನಾಲ್ಕೂವರೆ ದಶಕಗಳ ಆಟಗಳಲ್ಲಿ ಯಾವುದು ಉಳಿಯಿತು, ಯಾವುದು ಹೋಯಿತು ಎಂದು ನೋಡುತ್ತಾ ಹೋದರೆ ಕಾರಣ ತಾಂತ್ರಿಕತೆಗಿಂತ ಹೆಚ್ಚಾಗಿ ಈ ಭ್ರಮೆಯಲ್ಲೇ ಸಿಗುತ್ತದೆ.

ತೀರಾ ಹಳೆಯವರನ್ನೇ ನೋಡಿ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಕಟ್ಟಿದ ಮಡ್, 1989ರ ಟೈನಿಮಡ್, ಅದರಿಂದ ಕವಲೊಡೆದ ಮಷ್‌ಗಳು: ಇವೆಲ್ಲ ಬರೀ ಅಕ್ಷರಗಳ ಲೋಕಗಳು. ಟೆಲ್ನೆಟ್ ಎಂಬ ಹಳೆಯ ಸಂಪರ್ಕ ವ್ಯವಸ್ಥೆಯ ಮೂಲಕ ಒಳಗೆ ಹೋಗಿ ಒಂದು ಸಾಲು ಟೈಪ್ ಮಾಡಿದರೆ ಆ ಕೋಣೆಯಲ್ಲಿದ್ದವರ ಪರದೆಯ ಮೇಲೆ ಮೂಡುತ್ತಿತ್ತು, ಮೇಲಕ್ಕೆ ಸರಿದು ಹೋಗುತ್ತಿತ್ತು. ಸರ್ವರ್ ಆ ಕೋಣೆಯ ವರ್ಣನೆ ಇಟ್ಟುಕೊಳ್ಳುತ್ತಿತ್ತೇ ಹೊರತು ಆಡಿದ ಮಾತನ್ನಲ್ಲ. ಅದಕ್ಕೇ ಮಷ್ ಆಡುವವರಲ್ಲಿ ಲಾಗ್ ಇಡುವುದು ರೂಢಿಯಾಯಿತು. ದೃಶ್ಯ ಶುರುವಾಗುವಾಗ ತಮ್ಮ ಕಂಪ್ಯೂಟರಿನಲ್ಲೇ ದಾಖಲೆ ಚಾಲೂ ಮಾಡುವುದು, ಮುಗಿದ ಮೇಲೆ ಅಡ್ಡಮಾತು ಕಿತ್ತುಹಾಕಿ ತಾರೀಖು ಹಾಕಿ ವಿಕಿಗೆ ಸೇರಿಸುವುದು. ಏನನ್ನೂ ಉಳಿಸದ ವ್ಯವಸ್ಥೆ ಆಡುವವರಿಗೆ ಉಳಿಸುವ ಅಭ್ಯಾಸ ಕಲಿಸಿತು. ಮುಂದೆ ಬಂದ ತಾಣಗಳೆಲ್ಲ ‘ನಾವಿದ್ದೇವೆ ಬಿಡಿ’ ಅಂದವು, ಜನ ಬಿಟ್ಟರು.

ಬಿಟ್ಟದ್ದು ಹೇಗೆ ಹೋಯಿತೆಂಬುದಕ್ಕೆ ತಾರೀಖುಗಳೇ ಸಾಕು. ಜಿಯೊಸಿಟೀಸ್ 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ. ಸಾರ್ವಜನಿಕ ಕಮ್ಯುನಿಟಿಗಳ ದಾಖಲೆಯನ್ನು ಗೂಗಲ್ ಆಮೇಲೆ ಕೆಲ ವರ್ಷ ಓದಲು ಬಿಟ್ಟಿತ್ತು, ಅದೂ 2017ರಲ್ಲಿ ಹೋಯಿತು. ಕನ್ನಡಿಗರ ಹರಟೆಯೂ ಅದರೊಳಗಿತ್ತು. ಗೂಗಲ್ ಪ್ಲಸ್ 2019ರ ಏಪ್ರಿಲ್ 2ಕ್ಕೆ. ಯಾಹೂ ಗ್ರೂಪ್ಸ್ ಕಥೆ ಇನ್ನೂ ಅವಸರದ್ದು. ಇ-ಮೇಲ್ ಮೂಲಕ ಆಡುವ ಎಷ್ಟೋ ಆಟಗಳು, ಮುಖ್ಯವಾಗಿ ಸ್ಟಾರ್ ಟ್ರೆಕ್ ಹಡಗುಗಳ ಸಿಬ್ಬಂದಿಯಾಗಿ ಆಡುವವು, ಅಲ್ಲೇ ವರ್ಷಗಟ್ಟಲೆ ನಡೆದಿದ್ದವು. 2019ರ ಅಕ್ಟೋಬರ್ 16ಕ್ಕೆ ಪ್ರಕಟಣೆ, 28ಕ್ಕೆ ಹೊಸದೇನನ್ನೂ ಸೇರಿಸುವಂತಿಲ್ಲ, ಡಿಸೆಂಬರ್ 14ಕ್ಕೆ ಎಲ್ಲ ಅಳಿಸುತ್ತೇವೆ. ಗಲಾಟೆಯಾದ ಮೇಲೆ ದತ್ತಾಂಶ ಕೇಳಿ ಪಡೆಯುವ ಗಡುವು ಜನವರಿ 31ರವರೆಗೆ ಮುಂದೆ ಹೋಯಿತು. ಮುಚ್ಚುವ ತಾಣಗಳನ್ನು ನಕಲು ಮಾಡಿಡುವ ಆರ್ಕೈವ್ ಟೀಮ್‌ನ ಸ್ವಯಂಸೇವಕರು ಗುಂಪುಗಳಿಗೆ ಸೇರಿ ಸೇರಿ ಇಳಿಸಿಕೊಳ್ಳುತ್ತಿದ್ದಾಗ ಅವರ ಖಾತೆಗಳನ್ನೇ ಕಂಪನಿ ತಡೆಹಿಡಿಯಿತು. ಗುಂಪಿನ ಒಡೆಯ ಹತ್ತು ವರ್ಷದ ಹಿಂದೆಯೇ ಆ ಇ-ಮೇಲ್ ಬಿಟ್ಟಿದ್ದರೆ, ಒಳಗಿದ್ದ ಆಟವನ್ನು ಕೇಳುವವರೇ ಇರಲಿಲ್ಲ.

ಲೈವ್‌ಜರ್ನಲ್ ಹೀಗೆ ಒಂದೇ ದಿನ ಮುಚ್ಚಿದ್ದಲ್ಲ, ಇಂದಿಗೂ ಇದೆ. ಅಲ್ಲಿಂದ ಜನ ಕಂತು ಕಂತಾಗಿ ಕಾಲು ಕಿತ್ತರು. 1999ರಲ್ಲಿ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಶುರು ಮಾಡಿದ ತಾಣ 2005ರಲ್ಲಿ ಸಿಕ್ಸ್ ಅಪಾರ್ಟ್ ಕೈಗೆ ಹೋಯಿತು. 2007ರ ಮೇ ತಿಂಗಳಲ್ಲಿ ಸುಮಾರು 500 ಖಾತೆಗಳನ್ನು ಒಂದೇ ಏಟಿಗೆ ಅಮಾನತು ಮಾಡಿದರು. ಅಮಾನತಾದ ಹೆಸರಿನ ಮೇಲೆ ಅಡ್ಡಗೆರೆ ಬೀಳುತ್ತಿದ್ದುದರಿಂದ ಆ ಘಟನೆಗೆ ಸ್ಟ್ರೈಕ್‌ಥ್ರೂ ಎಂದೇ ಹೆಸರು ಬಂತು. ಅದೇ ವರ್ಷಾಂತ್ಯಕ್ಕೆ ತಾಣವನ್ನು ರಷ್ಯಾದ ಸೂಪ್ ಎಂಬ ಕಂಪನಿ ಕೊಂಡಿತು. 2016ರ ಡಿಸೆಂಬರ್‌ನಲ್ಲಿ ಸರ್ವರ್‌ಗಳೂ ರಷ್ಯಾಕ್ಕೆ ಹೋದವು, 2017ರ ಏಪ್ರಿಲ್‌ನಲ್ಲಿ ಬಳಕೆದಾರರಿಗೆ ಹೊಸ ಷರತ್ತು ಬಂತು. ಡ್ರೀಮ್‌ವಿಡ್ತ್ ಅದೇ ಮುಕ್ತ ತಂತ್ರಾಂಶದಿಂದ ಕವಲೊಡೆದು 2009ರ ಏಪ್ರಿಲ್ 30ರಂದು ತೆರೆದುಕೊಂಡಿತ್ತು. ಹಳೆ ಮನೆಯಂಥದೇ ಹೊಸ ಮನೆ, ಜೊತೆಗೆ ಸಾಮಾನು ಸಾಗಿಸುವ ಲಾರಿಯೂ ಅವರದ್ದೇ: ಇಂಪೋರ್ಟರ್.

ಈ ಇಂಪೋರ್ಟರ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಇದಕ್ಕಿಂತ ಒಳ್ಳೆಯ ಸಾಗಣೆಯ ವ್ಯವಸ್ಥೆ ರೋಲ್‌ಪ್ಲೇ ಲೋಕಕ್ಕೆ ಮತ್ತೆ ಸಿಗಲಿಲ್ಲ. ಆದರೂ ಸಾಗಣೆಯಲ್ಲಿ ಏನೇನು ಒಡೆಯುತ್ತದೆ ಎಂಬುದು ಇಲ್ಲೇ ಸ್ಪಷ್ಟವಾಗಿ ಕಾಣುತ್ತದೆ.

ಹಳೆಯ ಖಾತೆಯ ಹೆಸರು, ಪಾಸ್‌ವರ್ಡ್ ಕೊಟ್ಟರೆ ಅದು ಆ ಖಾತೆಯ ಬರಹ, ಟ್ಯಾಗ್, ಐಕಾನ್ ಮತ್ತು ಆ ಬರಹಗಳ ಕೆಳಗಿನ ಕಾಮೆಂಟ್‌ಗಳನ್ನು ತರುತ್ತದೆ. ಗಮನಿಸಿ: ಆ ಬರಹಗಳ ಕೆಳಗಿನವು. ಕಾಮೆಂಟ್ ಇರುವುದು ಬರಹದ ಒಡೆಯನ ಮನೆಯಲ್ಲಿ, ಬರೆದವನ ಮನೆಯಲ್ಲಲ್ಲ. ರೋಲ್‌ಪ್ಲೇಯಲ್ಲಿ ನಿಮ್ಮ ಪಾತ್ರದ ಮುಕ್ಕಾಲು ಪಾಲು ಮಾತು ಇನ್ನೊಬ್ಬರ ಜರ್ನಲ್‌ನಲ್ಲೋ ಆಟದ ಸಾಮೂಹಿಕ ಕಮ್ಯುನಿಟಿಯಲ್ಲೋ ಇರುತ್ತದೆ. ನಿಮ್ಮ ಖಾತೆಯನ್ನು ಎಷ್ಟು ಸಲ ಇಂಪೋರ್ಟ್ ಮಾಡಿದರೂ ಅದು ಬರುವುದಿಲ್ಲ. ಕಮ್ಯುನಿಟಿಯನ್ನು ತರುವ ಅಧಿಕಾರ ಅದರ ಮಾಡರೇಟರ್‌ಗೆ. ಅವರು ಕೆಲಸಕ್ಕೆ ಸೇರಿ, ಮದುವೆಯಾಗಿ, ಬೇಸತ್ತು ಎಲ್ಲೋ ಹೋಗಿದ್ದರೆ ಇನ್ನೂರು ಥ್ರೆಡ್, ಅಂದರೆ ಸರದಿಗಳ ಸರಪಳಿ, ಅಲ್ಲೇ ಬಾಕಿ.

ತಂದ ಕಾಮೆಂಟ್‌ಗಳಿಗೂ ಒಂದು ಎಡವಟ್ಟು. ಡ್ರೀಮ್‌ವಿಡ್ತ್‌ನಲ್ಲಿ ಇನ್ನೂ ಖಾತೆ ಇಲ್ಲದ ಆಟಗಾರರ ಮಾತನ್ನು ಯಾರ ಹೆಸರಿಗೆ ಬರೆಯುವುದು? ಅದಕ್ಕಾಗಿ ಹಳೆಯ ತಾಣದ ವಿಳಾಸವನ್ನೇ ಓಪನ್‌ಐಡಿ (ಒಂದು ತಾಣದ ಖಾತೆಯಿಂದಲೇ ಇನ್ನೊಂದರಲ್ಲಿ ಗುರುತು ತೋರಿಸುವ ಪದ್ಧತಿ) ಗುರುತಾಗಿ ಮಾಡಿ ಅವರ ಕಾಮೆಂಟ್‌ಗಳನ್ನು ಅದಕ್ಕೆ ಕಟ್ಟುತ್ತಿದ್ದರು. ಇಂಪೋರ್ಟ್ ಮಾಡಿದವರ ಐಕಾನ್‌ಗಳು ಬಂದವು, ಉಳಿದವರದ್ದು ಬರಲಿಲ್ಲ. ಹಾಗಾಗಿ ಥ್ರೆಡ್ ತೆರೆದರೆ ಒಂದು ಕಡೆ ಮುಖಭಾವಗಳ ಸಾಲು, ಇನ್ನೊಂದು ಕಡೆ ಖಾಲಿ. ಆ ಇನ್ನೊಬ್ಬರು ಬಂದು, ಆ ಗುರುತು ನನ್ನದೇ ಎಂದು ಸಾಬೀತು ಮಾಡಿದರೆ ಕಾಮೆಂಟ್‌ಗಳು ಅವರ ಹೊಸ ಖಾತೆಗೆ ಸೇರುತ್ತಿದ್ದವು. ಅದಕ್ಕೆ ಹಳೆಯ ಖಾತೆ ಜೀವಂತವಿರಬೇಕು. ಬೇಸರದಲ್ಲಿ ಮೊದಲೇ ಅಳಿಸಿದವರಿಗೆ ಆ ಬಾಗಿಲೂ ಮುಚ್ಚಿತ್ತು. ಮೊದಲು ಗುರುತು ಕಟ್ಟಿ, ಆಮೇಲೆ ಹಳೆಯದನ್ನು ಅಳಿಸಬೇಕಿತ್ತು. ಸಿಟ್ಟಿನಲ್ಲಿ ಹೊರಟವರು ಇದನ್ನು ಉಲ್ಟಾ ಮಾಡಿದರು.

ಲಿಂಕ್‌ಗಳ ಕಥೆಯೂ ಇದೆ. ಲೈವ್‌ಜರ್ನಲ್‌ನಲ್ಲಿ ಬರಹದ ವಿಳಾಸದಲ್ಲಿ ಕಾಣುವ ಸಂಖ್ಯೆ ಒಂದು, ಎರಡು, ಮೂರು ಎಂದು ಏರುವುದಿಲ್ಲ. ಒಳಗಿನ ಕ್ರಮಸಂಖ್ಯೆಯನ್ನು 256ರಿಂದ ಗುಣಿಸಿ, ಅದಕ್ಕೆ 0ಯಿಂದ 255ರೊಳಗಿನ ಒಂದು ಯಾದೃಚ್ಛಿಕ ಸಂಖ್ಯೆ ಕೂಡಿಸುತ್ತಾರೆ. ನಿಮ್ಮ ಮೂರನೇ ಬರಹದ ಸಂಖ್ಯೆ 768ರಿಂದ 1023ರೊಳಗೆ ಯಾವುದಾದರೂ ಆಗಬಹುದು. ಯಾರೂ ಸುಮ್ಮನೆ ಎಣಿಸುತ್ತಾ ಹೋಗಿ ಎಲ್ಲ ಬರಹ ಬಾಚಿಕೊಳ್ಳದಿರಲಿ ಎಂಬ ಉಪಾಯ ಅದು. ನಕಲು ಮಾಡಿಕೊಳ್ಳುವವರಿಗೂ ಅದೇ ತೊಡಕು: ಊಹಿಸಿ ಹೋಗುವಂತಿಲ್ಲ, ಕ್ಯಾಲೆಂಡರ್ ಪುಟದಿಂದ ತಿಂಗಳು ತಿಂಗಳಾಗಿ ವಿಳಾಸ ಹೆಕ್ಕಬೇಕು. ಹೊಸ ತಾಣದಲ್ಲಿ ಸಂಖ್ಯೆ ಬೇರೆಯಾಗುತ್ತದೆ. ‘ಇದಕ್ಕೆ ಹಿಂದಿನದು ಇಲ್ಲಿದೆ’ ಎಂದು ಮತ್ತೊಬ್ಬರ ಜರ್ನಲ್‌ಗೆ ಕೊಟ್ಟ ಲಿಂಕ್ ಹಳೆಯ ಮನೆಗೇ ಬೊಟ್ಟು ಮಾಡುತ್ತಿರುತ್ತದೆ, ಅಲ್ಲಿ ಬೀಗ.

ಹಳೆಯ ಪುಟಗಳ ನಕಲು ಇಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ಇರುತ್ತೆ ಬಿಡಿ ಅನ್ನುವವರಿದ್ದಾರೆ. ಇರುತ್ತದೆ, ಪುಟದ ಮೇಲ್ಭಾಗ. ಕಾಮೆಂಟ್ ಹೆಚ್ಚಾದಂತೆ ಲೈವ್‌ಜರ್ನಲ್ ಒಳಗಿನ ಹಂತಗಳನ್ನು ಮಡಚಿ ಬರೀ ಶೀರ್ಷಿಕೆ ತೋರಿಸುತ್ತದೆ, ಆಮೇಲೆ ಎರಡನೇ ಪುಟಕ್ಕೆ ಹಾಯುತ್ತದೆ. ಆರ್ಕೈವ್‌ನ ಕ್ರಾಲರ್, ಅಂದರೆ ತಾನಾಗಿ ಪುಟ ಇಳಿಸಿಕೊಳ್ಳುವ ತಂತ್ರಾಂಶ, ಬಂದು ಮೊದಲ ಪುಟ ಹಿಡಿದು ಹೋಗಿರುತ್ತದೆ. ಬ್ಲಾಗ್ ಓದುವವರಿಗೆ ಮೊದಲ ಪುಟದಲ್ಲಿ ಬರಹ ಪೂರ್ತಿ ಸಿಗುತ್ತದೆ. ರೋಲ್‌ಪ್ಲೇಯಲ್ಲಿ ಮೇಲಿನ ಬರಹ ‘ಮಾರುಕಟ್ಟೆಯಲ್ಲಿ ಸಂಜೆ’ ಎಂಬ ಎರಡು ಸಾಲು, ಆಟವೆಲ್ಲ ಮಡಚಿದ ಕಾಮೆಂಟ್‌ಗಳೊಳಗೆ. ಇನ್ನು ವಯಸ್ಕರಿಗೆ ಮಾತ್ರ ಎಂದು ಗುರುತಿಸಿದ ಕಮ್ಯುನಿಟಿಗಳಲ್ಲಿ ಎಷ್ಟೋ ಕಡೆ ಆರ್ಕೈವ್‌ಗೆ ಸಿಕ್ಕಿದ್ದು ‘ನಿಮಗೆ 18 ವರ್ಷ ತುಂಬಿದೆಯೇ’ ಎಂದು ಕೇಳುವ ಪುಟ. ಕ್ರಾಲರ್‌ಗೆ ಹೌದು ಎಂದು ಒತ್ತಲು ಬರುವುದಿಲ್ಲ.

ಜರ್ನಲ್ ಮಾದರಿಯ ಆಟವನ್ನು ಇವತ್ತು ಎತ್ತಿಡಲು ಹೊರಟವರಿಗೆ ಉಪಯೋಗಕ್ಕೆ ಬರುವ ಒಂದು ಉಪಾಯ ಹೇಳಿಬಿಡುತ್ತೇನೆ. ಪ್ರತಿ ಥ್ರೆಡ್ಡನ್ನು ಎರಡು ಸಲ ಇಳಿಸಿಕೊಳ್ಳಿ. ಒಮ್ಮೆ ಸಾಮಾನ್ಯ ನೋಟದಲ್ಲಿ. ಇದರಲ್ಲಿ ಯಾರ ಮಾತಿಗೆ ಯಾರ ಉತ್ತರ ಎಂಬ ಕವಲು ಕಾಣುತ್ತದೆ, ಆದರೆ ಕೆಲವು ಮಡಚಿರುತ್ತವೆ. ಇನ್ನೊಮ್ಮೆ ಫ್ಲ್ಯಾಟ್ ನೋಟದಲ್ಲಿ. ಇದರಲ್ಲಿ ಕವಲು ಹೋಗುತ್ತದೆ, ಆದರೆ ಎಲ್ಲ ಕಾಮೆಂಟ್‌ಗಳೂ ಪೂರ್ತಿ ಬಿಚ್ಚಿಕೊಂಡು ಸಮಯದ ಕ್ರಮದಲ್ಲಿ ನಿಲ್ಲುತ್ತವೆ, ಪ್ರತಿಯೊಂದರ ಬುಡದಲ್ಲಿ ಅದರ ಮೂಲ ಕಾಮೆಂಟ್‌ಗೆ ಲಿಂಕ್ ಇರುತ್ತದೆ. ಎರಡೂ ಇದ್ದರೆ ಮುಂದೆ ಯಾರಾದರೂ ಜೋಡಿಸಿಕೊಳ್ಳಬಹುದು. ಒಂದೇ ಇದ್ದರೆ ಐದು ಜನ ಒಟ್ಟಿಗೆ ಆಡಿದ ಜಾತ್ರೆಯ ದೃಶ್ಯ ಸಂತೆಯ ಗದ್ದಲವಾಗುತ್ತದೆ.

ಇನ್ನೊಂದು ಕುಲ ಸಂದೇಶ ಫಲಕಗಳದ್ದು. ಇನ್‌ವಿಷನ್‌ಫ್ರೀ, ಪ್ರೊಬೋರ್ಡ್ಸ್, ಜೆಸಿಂಕ್‌ನಂಥ ಉಚಿತ ತಾಣಗಳಲ್ಲಿ ಕಟ್ಟಿದ ಆಟಗಳು. ಇಲ್ಲಿ ದೊಡ್ಡ ಪೆಟ್ಟು ಬಿದ್ದದ್ದು ಫಲಕದಿಂದಲ್ಲ, ಚಿತ್ರಗಳಿಂದ. ಉಚಿತ ಫಲಕದಲ್ಲಿ ಚಿತ್ರ ಇಡಲು ಜಾಗ ಕಡಿಮೆ, ಹಾಗಾಗಿ ಎಲ್ಲರೂ ಫೋಟೊಬಕೆಟ್‌ನಲ್ಲಿಟ್ಟು ಲಿಂಕ್ ಕೊಡುತ್ತಿದ್ದರು. 2017ರ ಜೂನ್ ಕೊನೆಯಲ್ಲಿ ಫೋಟೊಬಕೆಟ್, ಹೊರಗಿನ ತಾಣಗಳಲ್ಲಿ ಚಿತ್ರ ತೋರಿಸಬೇಕಾದರೆ ವರ್ಷಕ್ಕೆ 399 ಡಾಲರ್ ಕೊಡಿ ಎಂದಿತು. ಪಾತ್ರದ ಮುಖ, ಊರಿನ ನಕ್ಷೆ, ಸಹಿಯ ಅಲಂಕಾರ ಇದ್ದ ಕಡೆಯೆಲ್ಲ ‘ಖಾತೆ ನವೀಕರಿಸಿ’ ಎಂಬ ಒಂದೇ ಚಿತ್ರ. ಅದೇ ಆಸುಪಾಸಿನಲ್ಲಿ ಇನ್‌ವಿಷನ್‌ಫ್ರೀಯ ಫಲಕಗಳು ಟ್ಯಾಪಟಾಕ್ ಎಂಬ ತಾಣಕ್ಕೆ ವರ್ಗವಾದಾಗ ಕೈಯಿಂದ ಕಟ್ಟಿದ ವೇಷಭೂಷಣವೂ ಕಳಚಿತು.

ಫಲಕವನ್ನು ನಕಲು ಮಾಡುವುದು ಕಷ್ಟವೇನಲ್ಲ, ಎಡವುವ ಕಲ್ಲುಗಳು ಗೊತ್ತಿರಬೇಕು. ಉಚಿತ ತಾಣಗಳು ಸಾಮಾನ್ಯವಾಗಿ ಡೇಟಾಬೇಸ್ ಕೈಗೆ ಕೊಡುವುದಿಲ್ಲ; ಹೊರಗಿನಿಂದ ಪುಟ ಪುಟವಾಗಿ ಇಳಿಸಿಕೊಳ್ಳಬೇಕು. ಡಬ್ಲ್ಯೂಗೆಟ್ ಎಂಬ ಹಳೆಯ ಉಚಿತ ಉಪಕರಣ ಸಾಕು. ಲೆಕ್ಕ ಹೀಗೆ: 40,000 ಪೋಸ್ಟ್‌ಗಳಿರುವ ಫಲಕದಲ್ಲಿ ಪುಟಕ್ಕೆ 15ರಂತೆ ಸುಮಾರು 2,700 ಪುಟ. ಪುಟಕ್ಕೂ ಪುಟಕ್ಕೂ ಎರಡು ಸೆಕೆಂಡ್ ಬಿಡುವು ಕೊಟ್ಟರೆ ಒಂದೂವರೆ ಗಂಟೆ. ಚಿತ್ರ ಬಿಟ್ಟರೆ 300 ಎಂಬಿಯೊಳಗೆ ಮುಗಿಯುತ್ತದೆ. ಬಿಡುವು ಕೊಡದೆ ಸುರಿದುಕೊಳ್ಳಲು ಹೋದರೆ ಸರ್ವರ್ ನಿಮ್ಮ ಐಪಿಯನ್ನೇ ತಡೆಯುತ್ತದೆ.

ಆಟದ ವಿಭಾಗಗಳು ಸದಸ್ಯರಿಗೆ ಮಾತ್ರ ಕಾಣುವಂತಿದ್ದರೆ ಬ್ರೌಸರಿನ ಲಾಗಿನ್ ಕುಕಿಯನ್ನು (ನೀವು ಒಳಗಿದ್ದೀರೆಂಬ ಗುರುತಿನ ಚೀಟಿ) ಡಬ್ಲ್ಯೂಗೆಟ್‌ಗೆ ಕೊಡಬೇಕು. ಇಲ್ಲೇ ಹೆಚ್ಚಿನವರು ಬೀಳುವುದು. ಉಪಕರಣ ಕಂಡ ಕಂಡ ಲಿಂಕ್ ಒತ್ತುತ್ತದೆ. ಪುಟದ ಮೇಲ್ಗಡೆಯೇ ‘ಲಾಗ್ ಔಟ್’ ಇರುತ್ತದೆ, ಅದನ್ನೂ ಒತ್ತುತ್ತದೆ. ಅಲ್ಲಿಂದಾಚೆಗೆ ಇಳಿಯುವುದೆಲ್ಲ ಲಾಗಿನ್ ಪುಟ. ಬೆಳಿಗ್ಗೆ ಎದ್ದು ನೋಡಿದರೆ ಎರಡು ಸಾವಿರ ಕಡತ ಇರುತ್ತವೆ, ಖುಷಿಯೂ ಆಗುತ್ತದೆ. ಗಾತ್ರದ ಪ್ರಕಾರ ವಿಂಗಡಿಸಿದರೆ ಸಾವಿರದ ಒಂಬೈನೂರು ಕಡತಗಳು ಹೆಚ್ಚುಕಡಿಮೆ ಒಂದೇ ಗಾತ್ರ. ಹಾಗಾಗಿ ಲಾಗ್ ಔಟ್ ವಿಳಾಸವನ್ನು ಮೊದಲೇ ಹೊರಗಿಡುವ ಪಟ್ಟಿಗೆ ಸೇರಿಸಿ. ಅಡ್ಮಿನ್ ಖಾತೆಯಿಂದಂತೂ ಈ ಕೆಲಸ ಮಾಡಲೇಬೇಡಿ: ಅಡ್ಮಿನ್‌ಗೆ ಪ್ರತಿ ಪೋಸ್ಟ್ ಪಕ್ಕ ‘ಅಳಿಸು’ ಲಿಂಕ್ ಕಾಣುತ್ತದೆ, ಉಪಕರಣಕ್ಕೆ ಅದೂ ಒಂದು ಲಿಂಕ್ ಅಷ್ಟೇ. ಬರೀ ಓದುವ ಹಕ್ಕಿರುವ ಹೊಸ ಸದಸ್ಯ ಖಾತೆ ಮಾಡಿ, ಅದರಿಂದ ಇಳಿಸಿ.

ಪಿಎಚ್‌ಪಿಬಿಬಿ ಎಂಬ ತಂತ್ರಾಂಶದ ಹಳೆಯ ಫಲಕಗಳಲ್ಲಿ ವಿಳಾಸದ ಬಾಲಕ್ಕೆ ಸೆಷನ್ ಗುರುತು ಅಂಟಿಕೊಳ್ಳುತ್ತದೆ. ಗುರುತು ಬದಲಾದಾಗಲೆಲ್ಲ ಅದೇ ಪುಟ ಹೊಸ ಪುಟವೆಂದು ಕಾಣುತ್ತದೆ. ಉಪಕರಣ ಮುಖಪುಟವನ್ನೇ ನೂರು ಸಲ ಇಳಿಸುತ್ತಾ ಕೂರುತ್ತದೆ. ಆ ಬಾಲವಿರುವ ವಿಳಾಸಗಳನ್ನೂ ಹೊರಗಿಡಿ. ಕೊನೆಗೆ ವಾರ್ಕ್ ರೂಪದಲ್ಲಿ ಒಂದು ಪ್ರತಿ, ಬ್ರೌಸರಿನಲ್ಲಿ ನೇರ ತೆರೆಯಬಲ್ಲ ಎಚ್‌ಟಿಎಂಎಲ್‌ನಲ್ಲಿ ಒಂದು ಪ್ರತಿ. ವಾರ್ಕ್ ಅಂದರೆ ಆರ್ಕೈವ್‌ನವರು ಬಳಸುವ ಕಡತ ಮಾದರಿ. ಪುಟದ ಜೊತೆಗೆ ಯಾವ ಹೊತ್ತಿನಲ್ಲಿ, ಯಾವ ವಿಳಾಸದಿಂದ, ಸರ್ವರ್ ಏನು ಉತ್ತರ ಕೊಟ್ಟಿತು ಎಂಬುದನ್ನೂ ಇಡುತ್ತದೆ. ಮುಗಿದ ಮೇಲೆ ಐದು ಉದ್ದನೆಯ ಥ್ರೆಡ್ ಆರಿಸಿ, ಕೊನೆಯ ಪುಟದ ಕೊನೆಯ ಪೋಸ್ಟ್ ಇದೆಯೇ ನೋಡಿ. ಮೊದಲ ಪುಟ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ, ಮೊದಲ ಪುಟ ಯಾವಾಗಲೂ ಇರುತ್ತದೆ.

ಕನ್ನಡದ ಹಳೆಯ ಪುಟಗಳನ್ನು ಹುಡುಕಿದವರಿಗೆ ಇನ್ನೊಂದು ಬಗೆಯ ನಷ್ಟ ಗೊತ್ತಿರುತ್ತದೆ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹ ಫಾಂಟ್‌ಗಳಲ್ಲಿ ಏರಿಸಿದ ಪುಟ ವೇಬ್ಯಾಕ್‌ನಲ್ಲಿ ಸುರಕ್ಷಿತವಾಗಿರುತ್ತದೆ, ತೆರೆದರೆ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ. ಫಾಂಟ್ ಕಡತ ಜೊತೆಗೆ ಬರಲಿಲ್ಲ. ಪರಿವರ್ತಕಕ್ಕೆ ಹಾಕಿದರೆ ಬಹುಪಾಲು ಸರಿಯಾಗುತ್ತದೆ, ಆದರೆ ಯಾವ ಫಾಂಟ್ ಎಂದು ಗೊತ್ತಿರಬೇಕು. ಐಕಾನ್ ಇಲ್ಲದ ಥ್ರೆಡ್ಡಿಗೂ ಇದಕ್ಕೂ ಸಂಬಂಧ ಹತ್ತಿರದ್ದೇ.

ಟಂಬ್ಲರ್ ಈ ಸಾಲಿನಲ್ಲಿ ವಿಚಿತ್ರ ಪ್ರಾಣಿ. ಅಲ್ಲಿ ಸರದಿ ಬರೆಯುವುದೆಂದರೆ ಎದುರಿನವರ ಪೋಸ್ಟನ್ನು ರಿಬ್ಲಾಗ್ ಮಾಡಿ ಕೆಳಗೆ ಸೇರಿಸುವುದು. ಪ್ರತಿ ರಿಬ್ಲಾಗ್‌ನಲ್ಲೂ ಅದುವರೆಗಿನ ಮಾತೆಲ್ಲ ನಕಲಾಗುತ್ತದೆ. ಒಬ್ಬರು ಬ್ಲಾಗ್ ಅಳಿಸಿದರೂ ಅವರ ಮಾತು ಇನ್ನೊಬ್ಬರ ಬ್ಲಾಗಿನಲ್ಲಿ ಉಳಿಯುತ್ತದೆ, ಹೆಸರಿಗೆ ‘ಡಿಆಕ್ಟಿವೇಟೆಡ್’ ಎಂದೂ ತಾರೀಖೂ ಅಂಟಿರುತ್ತದೆ. ಉದ್ದೇಶವಿಲ್ಲದೆಯೇ ಸಿಕ್ಕ ಬ್ಯಾಕಪ್ ಅದು. ಆದರೆ ಥ್ರೆಡ್ ಉದ್ದವಾದರೆ ಡ್ಯಾಷ್‌ಬೋರ್ಡ್ ತುಂಬುತ್ತದೆಂದು ಹಳೆಯ ಸರದಿ ಕತ್ತರಿಸಿ ಕೊನೆಯ ಒಂದೆರಡನ್ನು ಮಾತ್ರ ಇಡುವುದು ಅಲ್ಲಿನ ಶಿಷ್ಟಾಚಾರವಾಯಿತು. ಕತ್ತರಿಸದವರನ್ನು ಅನಾಗರಿಕರೆಂದು ನೋಡುತ್ತಿದ್ದರು! 2018ರ ಡಿಸೆಂಬರ್ 17ರಂದು ವಯಸ್ಕ ವಿಷಯಕ್ಕೆ ನಿಷೇಧ ಬಂದು ಜನ ಚೆದುರಿದಾಗ, ಕತ್ತರಿಸಿ ಅಚ್ಚುಕಟ್ಟಾಗಿ ಆಡಿದ್ದ ಥ್ರೆಡ್‌ಗಳೇ ಹೆಚ್ಚು ತುಂಡಾದವು.

ಚೆದುರಿದವರು, ಅದಕ್ಕೂ ಮುಂಚೆ ಬಿಟ್ಟವರು, ಬಹುಪಾಲು ಬಂದು ಸೇರಿದ್ದು ಡಿಸ್ಕಾರ್ಡ್‌ಗೆ. 2015ರಲ್ಲಿ ಶುರುವಾದ ಈ ತಾಣ ಹರಟೆಗೆ ಚೆನ್ನ. ಉಚಿತ ಖಾತೆಯಲ್ಲಿ ಸಂದೇಶಕ್ಕೆ 2,000 ಅಕ್ಷರ ಮಿತಿ. ಕನ್ನಡದಲ್ಲಿ ಬರೆದರೆ ಇದು ಇನ್ನೂ ಬೇಗ ತುಂಬುತ್ತದೆ, ‘ಸ್ತ್ರೀ’ ಎಂಬ ಒಂದಕ್ಷರ ಕಂಪ್ಯೂಟರಿನ ಲೆಕ್ಕದಲ್ಲಿ ಆರು. ಒಳಗಿರುವುದು ಗೂಗಲ್‌ಗೆ ಕಾಣುವುದಿಲ್ಲ, ವೇಬ್ಯಾಕ್‌ಗೂ ಕಾಣುವುದಿಲ್ಲ. ಚಾನೆಲ್, ಅಂದರೆ ಗುಂಪಿನೊಳಗಿನ ಒಂದು ಹರಟೆಯ ಕೋಣೆ, ಅಳಿಸಿದರೆ ಅದರೊಳಗಿನ ಸಂದೇಶವೆಲ್ಲ ಆ ಕ್ಷಣಕ್ಕೆ ಹೋಯಿತು, ಕಸದಬುಟ್ಟಿಯಿಂದ ಎತ್ತಿಕೊಳ್ಳುವ ಸೌಲಭ್ಯವಿಲ್ಲ. 2023ರ ಕೊನೆಯಿಂದ ಅಲ್ಲಿಗೆ ಏರಿಸಿದ ಚಿತ್ರಗಳ ಲಿಂಕ್ ಹೊರಗಡೆ 24 ಗಂಟೆ ಮಾತ್ರ ಕೆಲಸ ಮಾಡುತ್ತದೆ. ಡಿಸ್ಕಾರ್ಡ್‌ನಲ್ಲಿ ಚಿತ್ರವಿಟ್ಟು ಫಲಕದ ಪಾತ್ರಪರಿಚಯಕ್ಕೆ ಲಿಂಕ್ ಕೊಟ್ಟಿದ್ದವರಿಗೆ ಫೋಟೊಬಕೆಟ್ ಮತ್ತೆ ಆಯಿತು.

ಪಾತ್ರಕ್ಕೊಂದು ಖಾತೆ ಡಿಸ್ಕಾರ್ಡ್‌ನಲ್ಲಿ ತಲೆನೋವು. ಅದಕ್ಕೆ ಟಪ್ಪರ್‌ಬಾಕ್ಸ್‌ನಂಥ ಬಾಟ್, ಅಂದರೆ ತಾನಾಗಿ ಕೆಲಸ ಮಾಡುವ ತಂತ್ರಾಂಶ, ಬಳಸುತ್ತಾರೆ. ನೀವು ಗೊತ್ತುಮಾಡಿದ ಆವರಣ ಚಿಹ್ನೆಯೊಳಗೆ ಮಾತು ಬರೆದು ಕಳಿಸಿದರೆ, ಬಾಟ್ ಅದನ್ನು ಅಳಿಸಿ, ವೆಬ್‌ಹುಕ್ (ತಂತ್ರಾಂಶಗಳು ಸಂದೇಶ ಹಾಕುವ ದಾರಿ) ಮೂಲಕ ಪಾತ್ರದ ಹೆಸರು, ಪಾತ್ರದ ಮುಖ ಹಾಕಿ ಮತ್ತೆ ಹಾಕುತ್ತದೆ. ನೋಡಲು ಲೈವ್‌ಜರ್ನಲ್‌ನ ಐಕಾನಿಗಿಂತ ಚಂದ. ಈಗ ಡಿಸ್ಕಾರ್ಡ್‌ನ ಸೆಟ್ಟಿಂಗ್ಸ್‌ಗೆ ಹೋಗಿ ‘ನನ್ನ ದತ್ತಾಂಶ ಕೊಡಿ’ ಎಂದು ಕೇಳಿ. 30 ದಿನದೊಳಗೆ ಒಂದು ಜಿಪ್ ಕಡತ ಬರುತ್ತದೆ. ಅದರಲ್ಲಿ ಊಟ ಆಯ್ತಾ, ನಾಳೆ ಪರೀಕ್ಷೆ, ನನ್ನ ಸರದಿ ತಡವಾಗುತ್ತೆ ಕ್ಷಮಿಸಿ ಎಂಬುದೆಲ್ಲ ಇರುತ್ತದೆ. ಪಾತ್ರ ಆಡಿದ ಮಾತು ಒಂದೂ ಇರುವುದಿಲ್ಲ. ನೀವು ಕಳಿಸಿದ್ದು ಅಳಿಸಿಹೋಗಿದೆ, ಉಳಿದದ್ದು ವೆಬ್‌ಹುಕ್ ಕಳಿಸಿದ್ದು. ಡಿಸ್ಕಾರ್ಡ್‌ನ ಲೆಕ್ಕದಲ್ಲಿ ಅದು ನಿಮ್ಮದಲ್ಲ. ಬಾಟ್‌ನ ಎಕ್ಸ್‌ಪೋರ್ಟ್ ಆಜ್ಞೆ ಕೊಟ್ಟರೆ ಪಾತ್ರಗಳ ಹೆಸರು, ಚಿಹ್ನೆ, ಚಿತ್ರದ ವಿಳಾಸ ಬರುತ್ತದೆ, ಮಾತು ಅಲ್ಲೂ ಇಲ್ಲ.

ಉಳಿಯುವ ದಾರಿ ಚಾನೆಲ್ಲನ್ನೇ ಇಳಿಸಿಕೊಳ್ಳುವುದು. ಡಿಸ್ಕಾರ್ಡ್‌ಚಾಟ್‌ಎಕ್ಸ್‌ಪೋರ್ಟರ್ ಎಂಬ ಉಚಿತ ತಂತ್ರಾಂಶ ಇದಕ್ಕೆ ಚೆನ್ನಾಗಿದೆ. ನಿಮ್ಮ ಸ್ವಂತ ಖಾತೆಯ ಟೋಕನ್ (ಪಾಸ್‌ವರ್ಡ್‌ನಂಥ ಗುಪ್ತ ಕೀಲಿ) ಕೊಟ್ಟು ಓಡಿಸಬಹುದು, ಆದರೆ ಅದು ಡಿಸ್ಕಾರ್ಡ್‌ನ ನಿಯಮಕ್ಕೆ ವಿರುದ್ಧ, ಖಾತೆ ಹೋಗಬಹುದು. ಸರ್ವರ್‌ನ (ಡಿಸ್ಕಾರ್ಡ್‌ನಲ್ಲಿ ಗುಂಪಿಗೆ ಈ ಹೆಸರು) ಒಡೆಯರು ಡೆವಲಪರ್ ಪುಟದಲ್ಲಿ ಒಂದು ಬಾಟ್ ಮಾಡಿ, ಸಂದೇಶದ ಒಳಗನ್ನು ಓದುವ ಅನುಮತಿಯ ಸ್ವಿಚ್ ಹಾಕಿ, ಚಾನೆಲ್ ನೋಡುವ ಮತ್ತು ಹಳೆಯ ಸಂದೇಶ ಓದುವ ಎರಡೇ ಹಕ್ಕು ಕೊಟ್ಟು ಕರೆಸಿಕೊಳ್ಳುವುದು ಸರಿಯಾದ ಕ್ರಮ. ಆ ಸ್ವಿಚ್ ಮರೆತರೆ ಸಂದೇಶಗಳ ಮಾತು ಸಿಗುವುದಿಲ್ಲ. ರೂಪ ಎರಡು ಇರಲಿ: ಓದಲು ಎಚ್‌ಟಿಎಂಎಲ್, ಮುಂದೆ ಯಾವುದಕ್ಕಾದರೂ ಬದಲಿಸಿಕೊಳ್ಳಲು ಜೇಸನ್. ಚಿತ್ರಗಳನ್ನೂ ಇಳಿಸು ಎಂಬ ಆಯ್ಕೆ ತಾನಾಗಿ ಚಾಲೂ ಇರುವುದಿಲ್ಲ. ಹಾಕದಿದ್ದರೆ ಕಡತದೊಳಗಿರುವುದು ಮರುದಿನಕ್ಕೆ ಸತ್ತುಹೋಗುವ ಲಿಂಕ್‌ಗಳು. ಥ್ರೆಡ್‌ಗಳನ್ನೂ ಸೇರಿಸು ಎಂಬುದೂ ಹಾಗೆಯೇ. ಡಿಸ್ಕಾರ್ಡ್ ಥ್ರೆಡ್‌ಗಳು ಒಂದು ಗಂಟೆಯಿಂದ ಒಂದು ವಾರದೊಳಗೆ ಸದ್ದಿಲ್ಲದಿದ್ದರೆ ಬದಿಯ ಪಟ್ಟಿಯಿಂದ ಮರೆಯಾಗುತ್ತವೆ. ಆಟದ ಒಳ್ಳೆಯ ದೃಶ್ಯಗಳು ಅಲ್ಲೇ ಕೂತಿರುತ್ತವೆ, ಇಳಿಸುವವರ ಕಣ್ಣಿಗೆ ಬೀಳುವುದಿಲ್ಲ.

ಜೇಸನ್ ಬಿಚ್ಚಿದವರಿಗೆ ಇನ್ನೊಂದು ಗೋಜಲು ಕಾದಿರುತ್ತದೆ. ಸಂದೇಶಗಳನ್ನು ಬರೆದವರ ಗುರುತಿನ ಸಂಖ್ಯೆಯ ಮೇಲೆ ವಿಂಗಡಿಸಿದರೆ, ಒಂದೇ ವೆಬ್‌ಹುಕ್‌ನಿಂದ ಬಂದ ರಾಜ, ಕಳ್ಳ, ವೈದ್ಯೆ ಎಲ್ಲರೂ ಒಬ್ಬರೇ ಆಗುತ್ತಾರೆ. ಹೆಸರಿನ ಮೇಲೆ ವಿಂಗಡಿಸಬೇಕು. ಆಟದ ನಡುವೆ ಪಾತ್ರದ ಹೆಸರಿಗೆ ಒಂದು ಹೂವಿನ ಇಮೋಜಿ ಸೇರಿಸಿದ್ದರೆ ಅದು ಇನ್ನೊಬ್ಬ ಪಾತ್ರವಾಗಿ ಕಾಣುತ್ತದೆ. ಆ ಪಾತ್ರವನ್ನು ಆಡಿಸಿದ ಮನುಷ್ಯರು ಯಾರು ಎಂಬುದು ಇಳಿಸಿದ ಕಡತದಲ್ಲಿ ಎಲ್ಲೂ ಇರುವುದಿಲ್ಲ.

ಯಾರು ಎಂಬುದು ಇರಬೇಕೇ ಎಂಬ ಪ್ರಶ್ನೆಯೂ ಇದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಥ್ರೆಡ್ ಒಬ್ಬರ ಆಸ್ತಿಯಲ್ಲ. ಪ್ರತಿ ಎರಡನೇ ಸರದಿ ಇನ್ನೊಬ್ಬರದು. ಹದಿನೈದನೇ ವಯಸ್ಸಿನಲ್ಲಿ ಬರೆದದ್ದು ಮೂವತ್ತರಲ್ಲಿ ಹುಡುಕಿದರೆ ಸಿಗುವುದು ಬೇಡ ಅನ್ನುವವರಿದ್ದಾರೆ. ಕಾಟ ಕೊಡುವವರಿಂದ ತಪ್ಪಿಸಿಕೊಳ್ಳಲು ಹೆಸರು ಬದಲಿಸಿ ಹೋದವರಿದ್ದಾರೆ. ಎಲ್ಲವನ್ನೂ ಉಳಿಸಬೇಕೆಂಬ ಆರ್ಕೈವ್ ಉತ್ಸಾಹಿಗಳ ಹಟ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಮಷ್ ಕಾಲದ ಲಾಗ್‌ಗಳಲ್ಲಿ ದೃಶ್ಯ ಇರುತ್ತಿತ್ತು, ಅಡ್ಡಮಾತು ಇರುತ್ತಿರಲಿಲ್ಲ. ಆ ಗೆರೆ ಇವತ್ತಿಗೂ ಸರಿಯಾಗಿದೆ. ಪಾತ್ರದ ಹೊರಗಿನ ಹರಟೆಯ ಚಾನೆಲ್‌ಗಳನ್ನು ಇಳಿಸಬೇಡಿ. ಆಟದ ಚಾನೆಲ್‌ಗಳ ಬಗ್ಗೆ ಎರಡು ವಾರ ಮುಂಚೆ ಪ್ರಕಟಣೆ ಹಾಕಿ, ಮೂರು ಆಯ್ಕೆ ಕೊಡಿ: ನನ್ನ ಹೆಸರಿನೊಂದಿಗೆ ಇರಲಿ, ಹೆಸರಿಲ್ಲದೆ ಪಾತ್ರ ಮಾತ್ರ ಇರಲಿ, ನನ್ನದು ಬೇಡ. ಉತ್ತರ ಕೊಡದವರನ್ನು ಎರಡನೆಯ ಗುಂಪಿಗೆ ಸೇರಿಸಿ, ಕಡತವನ್ನು ಆಡಿದವರೊಳಗೇ ಇಟ್ಟುಕೊಳ್ಳಿ. ಬೇಡ ಅಂದವರ ಸರದಿ ಇದ್ದ ಕಡೆ ಖಾಲಿ ಬಿಡದೆ ‘ಇಲ್ಲಿ ಒಂದು ಸರದಿ ತೆಗೆದಿದೆ’ ಎಂದು ಬರೆಯಿರಿ. ಇಲ್ಲವಾದರೆ ಮುಂದಿನ ಮಾತು ಯಾರಿಗೆ ಉತ್ತರ ಎಂದೇ ತಿಳಿಯುವುದಿಲ್ಲ.

ಇಡುವ ಜಾಗ ಒಂದೇ ಆಗಬಾರದು. 2024ರ ಅಕ್ಟೋಬರ್‌ನಲ್ಲಿ ಇಂಟರ್‌ನೆಟ್ ಆರ್ಕೈವ್ ಮೇಲೆಯೇ ದಾಳಿಯಾಗಿ ಅದು ಕೆಲವು ದಿನ ಬಾಗಿಲು ಹಾಕಿತ್ತು. ಮಾಡರೇಟರ್ ಬಳಿ ಒಂದು, ಇನ್ನಿಬ್ಬರು ಆಟಗಾರರ ಬಳಿ ಒಂದೊಂದು ಪ್ರತಿ ಇದ್ದರೆ ಸಾಕು. ಆರು ತಿಂಗಳಿಗೊಮ್ಮೆ, ಅಥವಾ ಆಟದ ಒಂದು ಅಧ್ಯಾಯ ಮುಗಿದಾಗ ಇಳಿಸಿಕೊಳ್ಳಿ. ಮುಚ್ಚುತ್ತೇವೆ ಎಂಬ ಪ್ರಕಟಣೆ ಬಂದ ಮೇಲೆ ಎಲ್ಲರೂ ಒಮ್ಮೆಲೇ ಮುಗಿಬೀಳುತ್ತಾರೆ, ಸರ್ವರ್ ಉಸಿರುಗಟ್ಟುತ್ತದೆ.

ಜಿಪ್ ಮಾಡುವ ಮುಂಚೆ ಒಳಗೊಂದು ಸಾದಾ ಪಠ್ಯ ಕಡತ ಇಡಿ. ವರ್ಡ್‌ನಲ್ಲಿ ಬೇಡ, ಯುಟಿಎಫ್-8ರಲ್ಲಿ ಉಳಿಸಿದ ನೋಟ್‌ಪ್ಯಾಡ್ ಕಡತ. ಆಟದ ಹೆಸರು, ಯಾವ ತಾಣದಲ್ಲಿ ಯಾವಾಗಿನಿಂದ ಯಾವಾಗಿನವರೆಗೆ ನಡೆಯಿತು, ಎಲ್ಲಿಂದ ಬಂತು. ಪಾತ್ರಗಳ ಪಟ್ಟಿ, ಪ್ರತಿ ಪಾತ್ರದ ಎಲ್ಲ ಹೆಸರುಗಳು, ಹೂವಿನ ಇಮೋಜಿ ಇದ್ದದ್ದೂ ಸೇರಿ. ಒಪ್ಪಿದವರ ಮಟ್ಟಿಗೆ ಪಾತ್ರ ಆಡಿದವರ ಅಡ್ಡಹೆಸರು. ಆವರಣದೊಳಗಿನ ಮಾತೆಂದರೆ ಮನಸ್ಸಿನ ಮಾತು, ಓರೆ ಅಕ್ಷರವೆಂದರೆ ಫೋನು ಎಂಬಂಥ ಆ ಆಟದ ರೂಢಿಗಳು. ಯಾವ ತಾರೀಖಿಗೆ, ಯಾವ ಉಪಕರಣದಿಂದ ಇಳಿಸಿದ್ದು. ಕೊನೆಯಲ್ಲಿ ಇದರಲ್ಲಿ ಏನಿಲ್ಲ ಎಂಬುದು: ಮೂರು ಚಾನೆಲ್ ಬಿಟ್ಟಿದ್ದೇವೆ, ಇಬ್ಬರು ಬೇಡ ಅಂದರು, 2019ಕ್ಕಿಂತ ಹಿಂದಿನ ಚಿತ್ರಗಳು ಸಿಗಲಿಲ್ಲ.